ಓದುಗರ ಪ್ರಶ್ನೆ: ಜನ ಹೆಚ್ಚಾದರೆ ರಾಜ್ಯಕ್ಕೆ ಲಾಭವೋ, ನಷ್ಟವೋ?

ಪ್ರಶ್ನೆ: ಮೇಡಂ, ಜನ ಜಾಸ್ತಿಯಾಗಿದ್ದಕ್ಕೇ ನಮ್ಮ ರಾಜ್ಯ ಮುಂದೆ ಬರುತ್ತಿಲ್ಲ ಎಂದು ನಮ್ಮ ತಂದೆ ಯಾವಾಗಲೂ ಹೇಳುತ್ತಾರೆ. ಆದರೆ 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳು ಮಾಡಿಕೊಳ್ಳಿ ಎಂದರು. ಯಾರ ಮಾತು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಂದೆಯವರ ಮಾತು ಅವರ ಕಾಲಕ್ಕೆ ಸರಿಯೇ ಇತ್ತು. ಗೋಡೆ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೋಡುತ್ತಲೇ ನಾವೆಲ್ಲ ಬೆಳೆದದ್ದು. ಮೈಸೂರು ಸಂಸ್ಥಾನವಂತೂ 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ಈಗ ಲೆಕ್ಕ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ 2.1 ಬೇಕು. ಕೇರಳದ್ದೇ 1.8. ಅಂದರೆ ನಾವು ಅವರಿಗಿಂತಲೂ ಕೆಳಗಿದ್ದೇವೆ! ಹಾಗಿದ್ದೂ ಒಟ್ಟು ಜನ ಹೆಚ್ಚುತ್ತಿರುವುದಕ್ಕೆ ಕಾರಣ ಇದೆ. ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ಮದುವೆ, ಮಕ್ಕಳ ವಯಸ್ಸಿಗೆ ಬಂದಿದೆ. ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಹೊರಗಿನಿಂದಲೂ ಬರುತ್ತಿದ್ದಾರೆ.

ಹಾಗಾಗಿ ಬರೀ ತಲೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಯಾವ ವಯಸ್ಸಿನವರು, ಎಲ್ಲಿದ್ದಾರೆ, ಓದಿದ್ದೆಷ್ಟು, ಏನು ಕೆಲಸ ಸಿಕ್ಕಿದೆ, ಇಷ್ಟು ಗೊತ್ತಾಗಬೇಕು.

ನಾನು ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಹತ್ತಿರ. ಅರ್ಥಶಾಸ್ತ್ರ ಪಾಠ ಮಾಡಿದ್ದು ಹೆಚ್ಚಾಗಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ. 2011ರ ಜನಗಣತಿಯಲ್ಲಿ ಈ ಎರಡು ಜಿಲ್ಲೆಗಳ ಜನಸಂಖ್ಯೆ ಹೆಚ್ಚುಕಡಿಮೆ ಒಂದೇ, ತಲಾ ಹನ್ನೊಂದೂವರೆ ಲಕ್ಷದ ಆಸುಪಾಸು. ಆದರೆ ಅದರ ಹಿಂದಿನ ಹತ್ತು ವರ್ಷದಲ್ಲಿ ಯಾದಗಿರಿಯ ಜನ ಸುಮಾರು ಶೇ 23ರಷ್ಟು ಹೆಚ್ಚಿದ್ದರು. ಚಿಕ್ಕಮಗಳೂರಿನಲ್ಲಿ ಸುಮಾರು ಮೂರು ಸಾವಿರ ಜನ ಕಡಿಮೆಯಾಗಿದ್ದರು.

ಜನ ಕಡಿಮೆಯಾದ ನಮ್ಮೂರು ಉದ್ಧಾರವಾಯಿತೇ? ಅಡಿಕೆ ಕೊಯ್ಲಿನ ಹೊತ್ತಿಗೆ ಹೋಗಿ ನೋಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗುವುದಿಲ್ಲ. ಸಿಕ್ಕರೂ ಅವನಿಗಾಗಿ ನಾಲ್ಕು ಮನೆಯವರು ಕಾದಿರುತ್ತಾರೆ. ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದ್ದರಿಂದ ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆ ತೆಗೆಯಬಹುದು. ಆದರೆ ಅಷ್ಟುದ್ದದ ದೋಟಿ ಹಿಡಿದು ನಿಲ್ಲುವುದಕ್ಕೂ ಗಟ್ಟಿ ರಟ್ಟೆ ಬೇಕಲ್ವಾ? ಎಷ್ಟೋ ಮನೆಗಳಲ್ಲಿ ಇರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳಿಲ್ಲದೆ ಶಾಲೆಗಳು ಮುಚ್ಚುತ್ತಿವೆ. ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸದವರು ಬರದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ.

ಹಾಗಾದರೆ ಜನ ಹೆಚ್ಚಿದ ಯಾದಗಿರಿ ಶ್ರೀಮಂತವಾಯಿತೇ? ಅದೂ ಇಲ್ಲ. ಅಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಗುಳೆ ಶುರು. ಜೋಳದ ಹಿಟ್ಟಿನ ಚೀಲ, ಹಾಸಿಗೆ ಸುರುಳಿ, ಕಂಕುಳಲ್ಲೊಂದು ಮಗು. ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿಗೂ ಜನ, ಮುಂಬೈ ಗಾಡಿಗೂ ಜನ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ವಾರಗಟ್ಟಲೆ ಗೈರು ಬರೆದು ಬರೆದು ನನ್ನ ಕೈ ಸೋತಿತ್ತು. ಮೊದಲ ಪಿಯುಸಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೇಡಿಕೆಯ ರೇಖೆ ಯಾಕೆ ಕೆಳಗಿಳಿಯುತ್ತದೆ ಎಂದು ಸಂತೆಯ ಮೆಣಸಿನಕಾಯಿ ರೇಟು ಇಟ್ಟುಕೊಂಡು ಇಡೀ ತರಗತಿಗೆ ವಿವರಿಸಿದವಳು. ಸಂಕ್ರಾಂತಿ ಕಳೆದ ಮೇಲೆ ಬರಲಿಲ್ಲ. ವಿಚಾರಿಸಿದಾಗ ಅವಳ ದೊಡ್ಡಪ್ಪ, "ಬೆಂಗಳೂರಿಗೆ ಹೋಗ್ಯಾರ್ರೀ, ಬಿಲ್ಡಿಂಗ್ ಕೆಲ್ಸಕ್ಕ. ಸಣ್ಣ ಕೂಸು ನೋಡ್ಕೊಳಾಕ ಇಕಿ ಬೇಕಲ್ರೀ" ಎಂದರು. ಅವಳು ಮತ್ತೆ ಕಾಲೇಜಿಗೆ ಬರಲೇ ಇಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಆ ಹತ್ತು ವರ್ಷದಲ್ಲಿ ಶೇ 47ರಷ್ಟು ಏರಿತಲ್ಲ, ಅದರಲ್ಲಿ ಇಂಥ ಮನೆಗಳೂ ಸೇರಿವೆ.

ಈ ಹುಡುಗಿಯ ವಿಷಯದಲ್ಲಿ ರಾಜ್ಯ ಕಳೆದುಕೊಂಡದ್ದೇನು ನೋಡಿ. ಓದಿದ್ದರೆ ಅವಳು ನರ್ಸೋ, ಟೀಚರೋ, ಬ್ಯಾಂಕ್ ನೌಕರಳೋ ಆಗಿ ಮೂವತ್ತು ವರ್ಷ ದುಡಿಯುತ್ತಿದ್ದಳು. ತೆರಿಗೆ ಕಟ್ಟುತ್ತಿದ್ದಳು. ಕೊಪ್ಪದ ಅಜ್ಜನ ವೃದ್ಧಾಪ್ಯ ವೇತನಕ್ಕೆ ಹಣ ಬರುವುದು ಇಂಥವರ ದುಡಿಮೆಯಿಂದಲೇ. 2011ರಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ 52. ಹೆಂಗಸರದ್ದು ಇನ್ನೂ ಕಡಿಮೆ. ದಕ್ಷಿಣ ಕನ್ನಡದ್ದು ಶೇ 88 ದಾಟಿತ್ತು. ಒಂದೇ ರಾಜ್ಯ, ಒಂದೇ ಬಜೆಟ್. 2002ರಲ್ಲೇ ನಂಜುಂಡಪ್ಪ ಸಮಿತಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿ ಕೊಟ್ಟಿತ್ತು. ಎಲ್ಲಿ ಖರ್ಚು ಮಾಡಬೇಕು ಎಂದು ಗೊತ್ತಿಲ್ಲ ಎನ್ನುವ ಹಾಗೆಯೇ ಇಲ್ಲ.

ಮಕ್ಕಳು ಕಡಿಮೆಯಾಗಿ, ಮುದುಕರು ಇನ್ನೂ ಹೆಚ್ಚಾಗದ ಒಂದು ಅವಧಿ ಪ್ರತಿ ಸಮಾಜಕ್ಕೂ ಬರುತ್ತದೆ. ಆಗ ದುಡಿಯುವವರೇ ಜಾಸ್ತಿ, ಕೂತು ಉಣ್ಣುವವರು ಕಡಿಮೆ. ಕರ್ನಾಟಕ ಈಗ ಅದೇ ಅವಧಿಯಲ್ಲಿದೆ. ಇದು ಒಂದೇ ಸಲ ಬರುವುದು. ಇಷ್ಟು ಜನರಿಗೆ ಓದು, ಕೆಲಸ ಎರಡೂ ಸಿಕ್ಕರೆ ಜನಸಂಖ್ಯೆಯಿಂದ ಲಾಭ. ಸಿಗದಿದ್ದರೆ ಹುಟ್ಟಿದವರು ಎಷ್ಟೇ ಕಡಿಮೆ ಇರಲಿ, ನಷ್ಟವೇ. ಎಲ್ಲರೂ ಒಂದೇ ಊರಿಗೆ ನುಗ್ಗಿದರೂ ನಷ್ಟವೇ. ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಎತ್ತರಕ್ಕೆ ಪಂಪ್ ಮಾಡಿ ಬೆಂಗಳೂರಿಗೆ ಕುಡಿಸುತ್ತಿದ್ದೇವೆ. 2024ರಲ್ಲಿ ಐದನೇ ಹಂತವೂ ಶುರುವಾಯಿತು. ಕಲ್ಯಾಣ ಕರ್ನಾಟಕದ ಊರುಗಳಲ್ಲೇ ಒಂದಿಷ್ಟು ಕೆಲಸ ಹುಟ್ಟಿಸಿದ್ದರೆ ಈ ಭಾರ ಇಷ್ಟು ಬೀಳುತ್ತಿರಲಿಲ್ಲ.

ಇನ್ನು ನಾಯ್ಡು ಅವರ ಮಾತು. ಮುದುಕರು ಹೆಚ್ಚಿ ದುಡಿಯುವವರು ಕಡಿಮೆಯಾಗುತ್ತಾರೆ ಎಂಬ ಅವರ ಆತಂಕ ನಿಜ. ಮದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ದಕ್ಷಿಣ ಕೊರಿಯಾ ಸರ್ಕಾರ ಹೆರಿಗೆಗೆ ಉತ್ತೇಜನ ಕೊಡಲು ಎಷ್ಟೊಂದು ಹಣ ಸುರಿಯಿತು. ಆದರೂ 2023ರಲ್ಲಿ ಅಲ್ಲಿ ಒಬ್ಬ ಹೆಣ್ಣುಮಗಳಿಗೆ ಮಕ್ಕಳ ಸರಾಸರಿ 0.72ಕ್ಕೆ ಇಳಿಯಿತು. ಹುಟ್ಟಬೇಕಾದವರ ಮಾತು ಆಮೇಲೆ. ಹುಟ್ಟಿ ಈಗಾಗಲೇ ಶಾಲೆ ಬಿಟ್ಟಿರುವವರನ್ನು ಮೊದಲು ನೋಡೋಣ.

ಪ್ರಶ್ನೆ: ಮಕ್ಕಳನ್ನು ಕಡಿಮೆ ಮಾಡಿಕೊಂಡ ನಮಗೇ ಕೇಂದ್ರದ ತೆರಿಗೆ ಪಾಲು ಕಡಿಮೆ. ಇದು ನ್ಯಾಯವಾ?
– ಓದುಗರೊಬ್ಬರು, ಹಾಸನ

ಉತ್ತರ: ಅರ್ಧ ನ್ಯಾಯ, ಅರ್ಧ ಅನ್ಯಾಯ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು. 15ನೇ ಆಯೋಗ 2021–26ರ ಅವಧಿಗೆ ಅದನ್ನು ಶೇ 3.647ಕ್ಕೆ ಇಳಿಸಿತು. 1971ರ ಜನಸಂಖ್ಯೆ ಬಿಟ್ಟು 2011ರದ್ದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದು ಕಾರಣ. ಜನಸಂಖ್ಯೆ ಹತೋಟಿಗೆ ತಂದವರಿಗೆಂದು ಶೇ 12.5 ತೂಕ ಕೊಟ್ಟರು, ನಿಜ. ಆದರೆ ತಲಾ ಆದಾಯ ಕಡಿಮೆ ಇರುವ ರಾಜ್ಯಗಳಿಗೆ ಹೆಚ್ಚು ಕೊಡುವ ಸೂತ್ರಕ್ಕೆ ಶೇ 45 ತೂಕ ಇತ್ತು. ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿ. ಬಿಹಾರದ ಮಗುವಿಗೂ ಶಾಲೆ ಬೇಕು, ಅದಕ್ಕೆ ಹಣ ಹೋದರೆ ನನಗೆ ಬೇಸರವಿಲ್ಲ. ಬೆಂಗಳೂರಿನ ಆದಾಯ ಸೇರಿಸಿ ತೆಗೆದ ಸರಾಸರಿಯಿಂದ ಯಾದಗಿರಿಯನ್ನೂ ಶ್ರೀಮಂತರ ಸಾಲಿಗೆ ಸೇರಿಸುವುದನ್ನು ಮಾತ್ರ ಒಪ್ಪಲಾರೆ. ಆಯೋಗ ಜಿಲ್ಲೆಗಳ ಲೆಕ್ಕವನ್ನೂ ನೋಡಬೇಕು.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಒಬ್ಬಳು ಮಗಳಿದ್ದಾಳೆ. ಈಗ ದೇಶಕ್ಕೇ ಮಕ್ಕಳು ಬೇಕಂತೆ, ಇನ್ನೊಂದು ಆಗಲಿ ಎನ್ನುತ್ತಾರೆ ನಮ್ಮತ್ತೆ. ಏನು ಹೇಳಲಿ?
– ಓದುಗರೊಬ್ಬರು, ಮದ್ದೂರು

ಉತ್ತರ: ನೋಡಮ್ಮ, ರಾಜ್ಯದ ಆರ್ಥಿಕತೆಗಾಗಿ ಯಾರೂ ಮಗು ಹೆರಬೇಕಿಲ್ಲ. ಅದು ನೀವು, ನಿಮ್ಮ ಯಜಮಾನರು ಕೂತು ಮಾತಾಡಿ ತೀರ್ಮಾನಿಸುವ ವಿಷಯ. ಅತ್ತೆಯ ಹತ್ತಿರ ಜಗಳ ಬೇಡ. ಒಂದೇ ಮಾತು ಕೇಳಿ: "ನಾನು ಕೆಲಸಕ್ಕೆ ಹೋದಾಗ ಕೂಸನ್ನ ಯಾರು ನೋಡ್ಕೋತಾರೆ ಅತ್ತೆ?" ಹೆಂಗಸರು ಎರಡನೇ ಮಗು ಬೇಡ ಎನ್ನುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮಗುವಾಯಿತು ಎಂದು ನೀವು ಕೆಲಸ ಬಿಟ್ಟರೆ ಮನೆಗೂ ನಷ್ಟ, ರಾಜ್ಯಕ್ಕೂ ನಷ್ಟ.

ಮಗಳು ಇನ್ನೂ ಚಿಕ್ಕವಳಾಗಿದ್ದರೆ ಒಂದು ಕೆಲಸ ಮಾಡಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದು ಕಾನೂನಿದೆ. ನಿಮ್ಮ ಫ್ಯಾಕ್ಟರಿಯಲ್ಲಿ ಅದು ಇದೆಯಾ, ಇದ್ದರೆ ಬಾಗಿಲು ತೆರೆದಿರುತ್ತದಾ ನೋಡಿ. ಇಲ್ಲದಿದ್ದರೆ ಒಬ್ಬರೇ ಹೋಗಿ ಕೇಳಬೇಡಿ. ನಿಮ್ಮ ಲೈನಿನ ಹೆಂಗಸರೆಲ್ಲ ಸಹಿ ಹಾಕಿದ ಅರ್ಜಿ ಕೊಡಿ. ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.