ಎಡಿಎಚ್‌ಡಿ ಇರುವವರಿಗೆ ಯಾವ ಬ್ಲಾಕರ್?

ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ನಿಮಗೆ ಧಾರಣೆ ನೋಡಲು ವಾಟ್ಸ್‌ಆ್ಯಪ್ ಬೇಕು. ಆದರೆ ಕೈ ರೀಲ್ಸ್‌ಗೆ ಜಾರುತ್ತದೆ, ಫೋನಿನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್‌ನ ಸಮಯದ ಮಿತಿಯನ್ನು ನೀವೇ ತೆಗೆದುಹಾಕುತ್ತೀರಿ. ಎಡಿಎಚ್‌ಡಿ ಇರುವ ನಾನು ಯಾವ ಬ್ಲಾಕರ್ (ಬೇರೆ ಆ್ಯಪ್‌ಗಳನ್ನು ತಡೆಯುವ ಆ್ಯಪ್) ಹಾಕಲಿ ಎಂದು ಕೇಳಿದ್ದೀರಿ.

ಗಮನ ನಿಲ್ಲದ, ಆತುರ ತಡೆಯಲು ಕಷ್ಟವಾಗುವ ಸ್ಥಿತಿಯಾದ ಎಡಿಎಚ್‌ಡಿಯಲ್ಲಿ ಮನಸ್ಸಿಗೆ ಬಂದದ್ದಕ್ಕೂ ಕೈ ಮಾಡುವುದಕ್ಕೂ ನಡುವೆ ಅಂತರವೇ ಸಾಲುವುದಿಲ್ಲ. ಆ ಅಂತರವನ್ನು ಹುಟ್ಟಿಸುವ ಒನ್ ಸೆಕ್ ಅಥವಾ ಸ್ಕ್ರೀನ್‌ಝೆನ್ ಮೊದಲು ಹಾಕಿ ನೋಡಿ. ಆ್ಯಪ್ ತೆರೆಯುವ ಮುನ್ನ ಕೆಲವು ಸೆಕೆಂಡು ಕಾಯಿಸುತ್ತವೆ. ಬರೀ ಅಭ್ಯಾಸಬಲದಿಂದ ಹೋದ ಕೈ ಎಷ್ಟೋ ಸಲ ಅಷ್ಟಕ್ಕೇ ಹಿಂದೆ ಬರುತ್ತದೆ. ಬಗ್ಗದಿದ್ದರೆ ಆ್ಯಪ್‌ಬ್ಲಾಕ್‌ನ ಸ್ಟ್ರಿಕ್ಟ್ ಮೋಡ್ ಇದೆ. ಅದು ಚಾಲ್ತಿಯಲ್ಲಿರುವಾಗ ಸೆಟ್ಟಿಂಗ್ ಬದಲಿಸಲು ಬಿಡುವುದಿಲ್ಲ. ತಡೆಯುವ ಪಟ್ಟಿಯಿಂದ ವಾಟ್ಸ್‌ಆ್ಯಪನ್ನು ಹೊರಗಿಡಿ, ಇನ್‌ಸ್ಟಾಗ್ರಾಂ ಜಾಲತಾಣವನ್ನೂ ತಡೆಯಿರಿ. ಇಲ್ಲವಾದರೆ ಬ್ರೌಸರ್ ಎಂಬ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಬೇರೆ ಆ್ಯಪ್‌ಗೆ ಹೋಗದಿದ್ದರೆ ಪರದೆಯ ಮೇಲೆ ಗಿಡ ಬೆಳೆಸುವ, ಹೋದರೆ ಅದನ್ನು ಸಾಯಿಸುವ ಫಾರೆಸ್ಟ್ ಆ್ಯಪ್ ಚಂದವೇ, ಆದರೆ ಹೊಸತನ ಕಳೆದ ಮೇಲೆ ನಡೆಯುವುದು ಅನುಮಾನ. ತೋಟದ ಊರಿನವರಿಗೆ ಪರದೆಯ ಗಿಡ ಸತ್ತರೆ ಎಷ್ಟು ದುಃಖವಾದೀತು!

ಆಂಡ್ರಾಯ್ಡ್‌ನಲ್ಲಿ ಇಂಥವು ಸಾಮಾನ್ಯವಾಗಿ ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ, ಅಂದರೆ ಪರದೆಯನ್ನು ಓದಬಲ್ಲವು. ಕಂಡಕಂಡ ಆ್ಯಪ್‌ಗೆ ಕೊಡಬೇಡಿ. ಕೆಲವು ಬ್ಯಾಂಕ್ ಆ್ಯಪ್‌ಗಳೂ ಇದಕ್ಕೆ ತಕರಾರು ತೆಗೆಯುತ್ತವೆ. ಬ್ಲಾಕರ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಇಲ್ಲದಿದ್ದರೆ ಫೋನೇ ಅದನ್ನು ನಿಲ್ಲಿಸಿಬಿಡಬಹುದು.

ಮಾತ್ರೆ ಬಿಟ್ಟಿದ್ದೇನೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ಆ ವಿಷಯ ನಿಮ್ಮ ಮನೋವೈದ್ಯರಿಗೆ ತಿಳಿಯಲೇಬೇಕು. ಬೆಂಗಳೂರು ದೂರವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.