‘ರ‍್ಯಾಮ್’ ಇಷ್ಟಪಡಲು ಯಾರ ಅಪ್ಪಣೆ ಬೇಕು?

ಮಾನ್ಯರೇ,

ಬೀಟಲ್ಸ್ ಎಂಬ ಬ್ರಿಟಿಷ್ ರಾಕ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಮತ್ತು ಅವರ ಪತ್ನಿ ಲಿಂಡಾ ಅವರ ‘ರ‍್ಯಾಮ್’ (1971) ಆಲ್ಬಂ ನಿಮಗೆ ಅಚ್ಚುಮೆಚ್ಚು. ಅದು ಬಿಡುಗಡೆಯಾದಾಗ ಬಂದ ವಿಮರ್ಶೆಗಳನ್ನು ಈಚೆಗೆ ಓದಿ ಕಳವಳಗೊಂಡು, ‘ನನ್ನ ಅಭಿರುಚಿಯೇ ಕೆಟ್ಟದ್ದೇ?’ ಎಂದು ಬರೆದಿದ್ದೀರಿ. ಖಂಡಿತ ಅಲ್ಲ. ನನಗೂ ಈ ಆಲ್ಬಂ ಎಂದರೆ ಪ್ರಾಣ. ಆದ್ದರಿಂದ ಉತ್ತರ ತುಸು ಉದ್ದವಾದೀತು.

ವಿಮರ್ಶೆಗಳು ಕಟುವಾಗಿದ್ದುದು ನಿಜ. ಅರವತ್ತರ ದಶಕದ ರಾಕ್ ಸಂಗೀತದ ಅವನತಿ ಇಲ್ಲಿ ತಳ ಮುಟ್ಟಿದೆ ಎಂಬರ್ಥದಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಜಾನ್ ಲ್ಯಾಂಡೌ ಬರೆದರು. ಒಂದು ಒಳ್ಳೆಯ ಧಾಟಿಯೂ ಇಲ್ಲವೆಂದು ಪಾಲ್ ಅವರ ಹಳೆಯ ಬೀಟಲ್ಸ್ ಜೊತೆಗಾರ ರಿಂಗೋ ಸ್ಟಾರ್ ಅವರೇ ಹೇಳಿದರು. ಆದರೆ ಆ ಕಾಲವನ್ನು ನೆನೆಯಿರಿ. 1970ರ ಡಿಸೆಂಬರ್ 31ರಂದು, ಬೀಟಲ್ಸ್ ಪಾಲುದಾರಿಕೆಯನ್ನು ಕೊನೆಗೊಳಿಸಬೇಕೆಂದು ಕೋರಿ ಪಾಲ್ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದರು. ನ್ಯೂಯಾರ್ಕಿನಲ್ಲಿ ‘ರ‍್ಯಾಮ್’ ಹಾಡುಗಳ ಧ್ವನಿಮುದ್ರಣ ನಡೆದದ್ದೂ ಅದೇ ಚಳಿಗಾಲದಲ್ಲಿ. ಮನೆ ಒಡೆದವರು ಯಾರು ಎಂಬ ಪಂಚಾಯಿತಿಯಲ್ಲಿ ಮುಳುಗಿದ್ದವರು ಈ ಹಾಡುಗಳಲ್ಲಿ ಸಾಕ್ಷ್ಯ ಹುಡುಕಿದರು.

ಸಾಕ್ಷ್ಯ ಸಿಗಲಿಲ್ಲವೆಂದಲ್ಲ. ಮೊದಲ ಹಾಡು ‘ಟೂ ಮೆನಿ ಪೀಪಲ್’ ಬೀಟಲ್ಸ್ ತಂಡದ ಇನ್ನೊಬ್ಬ ಜೊತೆಗಾರ ಜಾನ್ ಲೆನನ್ ಅವರನ್ನು ಕುಟುಕುತ್ತದೆ. ಅದೇ ವರ್ಷ ‘ಇಮ್ಯಾಜಿನ್’ ಆಲ್ಬಂನಲ್ಲಿ ಲೆನನ್ ಅದಕ್ಕಿಂತ ಖಾರವಾಗಿ ಉತ್ತರಿಸಿದರು. ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆದರೆ ‘ಡಿಯರ್ ಬಾಯ್’ ಹಾಡನ್ನೂ ಲೆನನ್ ಮೇಲಿನ ಬಾಣವೆಂದೇ ಓದಿದವರಿದ್ದರು. ಲಿಂಡಾ ಅವರ ಮೊದಲ ಗಂಡನನ್ನು ಕುರಿತು ಅದನ್ನು ಬರೆದದ್ದಾಗಿ ಪಾಲ್ ಹೇಳಿದ್ದಾರೆ: ಎಂಥ ಹೆಣ್ಣನ್ನು ಕಳೆದುಕೊಂಡೆಯೆಂದು ನಿನಗೆ ಗೊತ್ತಾಗಲೇ ಇಲ್ಲವಲ್ಲ ಎಂಬ ಮಾತು. ಅದನ್ನು ಮತ್ತೊಮ್ಮೆ ಹಾಕಿಕೊಂಡು ಪಿಯಾನೋದ ಮೇಲೆ ಏರುವ ದನಿಗಳನ್ನು ಗಮನಿಸಿ. ಗಂಡ ಹೆಂಡಿರ ಕಂಠಗಳು ಒಂದರ ಬೆನ್ನಿಗೆ ಒಂದು ಬಂದು, ಹೆಣೆದುಕೊಂಡು, ಎರಡೇ ನಿಮಿಷ ಚಿಲ್ಲರೆಯಲ್ಲಿ ಮುಗಿದುಹೋಗುತ್ತವೆ. ಲಿಂಡಾ ವೃತ್ತಿಪರ ಗಾಯಕಿಯಾಗಿರಲಿಲ್ಲ, ಅದಕ್ಕಾಗಿ ಅವರನ್ನು ಹೀಯಾಳಿಸಿದರು. ಆ ಪಳಗದ ಕಂಠವಿಲ್ಲದಿದ್ದರೆ ಈ ಹಾಡಿಗೆ ಇಷ್ಟು ಆಪ್ತತೆ ಬರುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಳ್ಳಿ, ಊಟ, ದಾಂಪತ್ಯ ಇವೆಲ್ಲ ಕ್ಷುಲ್ಲಕ ವಸ್ತುಗಳು ಎಂಬುದು ಇನ್ನೊಂದು ಆಕ್ಷೇಪ. ಸುಖವಾಗಿರುವ ಮನುಷ್ಯ ಗಂಭೀರ ಕಲಾವಿದನಾಗಲಾರ ಎಂಬ ಹಟ ಅದರ ಹಿಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ‘ಲಾಂಗ್ ಹೇರ್ಡ್ ಲೇಡಿ’ ಅಗತ್ಯಕ್ಕಿಂತ ಎಳೆದಂತಿದೆ, ನಿಜ. ಉಳಿದೆಡೆ ಕುಸುರಿ ಕೆಲಸ ಎಲ್ಲಿಯೂ ಸಡಿಲವಾಗಿಲ್ಲ.

ಕಾಲಾಂತರದಲ್ಲಿ ವಿಮರ್ಶಕರ ನಿಲುವು ಬದಲಾಯಿತು. 2012ರಲ್ಲಿ ಆಲ್ಬಂ ಮರುಬಿಡುಗಡೆಯಾದಾಗ ಹೊಗಳಿಕೆಯೇ ಹೆಚ್ಚಿತ್ತು. ದಯವಿಟ್ಟು ಅದನ್ನೂ ಆಸರೆ ಮಾಡಿಕೊಳ್ಳಬೇಡಿ. ಅವರು ಮನಸ್ಸು ಬದಲಿಸದೆ ಇದ್ದಿದ್ದರೂ ಆ ದನಿಗಳು ಹಾಗೆಯೇ ಹೆಣೆದುಕೊಳ್ಳುತ್ತಿದ್ದವು.

ಸ್ನೇಹಿತರಿಗೆ ಯಾವ ಹಾಡನ್ನು ಮೊದಲು ಕೇಳಿಸಲಿ ಎಂದೂ ಕೇಳಿದ್ದೀರಿ. ಕೊನೆಯದಾದ ‘ದ ಬ್ಯಾಕ್ ಸೀಟ್ ಆಫ್ ಮೈ ಕಾರ್’ ಹಾಡಿನಿಂದ ಆರಂಭಿಸಿ. ದನಿ ಸಾಕಷ್ಟು ಜೋರಾಗಿರಲಿ.

— ಸಂಪಾದಕ