ಆ ಬಿಳಿ ಮರಿಗೆ ಜಂತಿನ ಔಷಧಿ ಬೇಡ, ಕಲ್ಲು ಬೇಕು

ಪ್ರಶ್ನೆ: ಬೈಕಲರ್ ಪ್ಯಾರಟ್ ಫಿಶ್ ಮರಿ ತಂದು ಎರಡು ತಿಂಗಳಾಯಿತು. ಬಿಳಿ ಮೈ, ಕಣ್ಣಿನ ಮೇಲೆ ಕಿತ್ತಳೆ ಪಟ್ಟಿ. ಟ್ಯಾಂಕ್ 300 ಲೀಟರಿನದು. ದಿನಕ್ಕೆರಡು ಸಲ ಪೆಲೆಟ್ ಹಾಕಿದರೆ ತಿನ್ನುತ್ತದೆ, ಆದರೂ ಸೊರಗುತ್ತಿದೆ. ಅಂಗಡಿಯವರು ಜಂತುಹುಳದ ಔಷಧಿ ಕೊಟ್ಟಿದ್ದಾರೆ. ಹಾಕಲಾ?

ಉತ್ತರ: ಬೇಡ. ಈ ಮೀನಿನ ಬಗ್ಗೆ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಇದೇ ಕಥೆ. ಜಂತು ಇರುವ ಸಾಧ್ಯತೆಯೇ ಇಲ್ಲ ಅಂತಲ್ಲ. ಆದರೆ ಮೀನಿನ ಮಲ ಕೂಡ ನೋಡದೆ ಔಷಧಿ ಸುರಿಯುವವರನ್ನು ನಂಬಬೇಡಿ. ನಿಮ್ಮ ಮೀನು ಹಸಿದಿದೆ, ಅಷ್ಟೇ.

ಗಿಳಿಮೀನಿಗೆ ಜಠರವೇ ಇಲ್ಲ, ಬರೀ ಕರುಳು. ಒಂದೇ ಸಲ ತಿಂದು ಸುಮ್ನೆ ಕೂರುವ ಜಾತಿ ಇದಲ್ಲ. ಸಮುದ್ರದಲ್ಲಿ ಬೆಳಗಿನಿಂದ ಸಂಜೆವರೆಗೆ ಸತ್ತ ಹವಳದ ಕಲ್ಲನ್ನು ಕೆರೆಯುತ್ತಲೇ ಇರುತ್ತದೆ. ಹಲ್ಲುಗಳು ಕೂಡಿಕೊಂಡು ಆದ ಕೊಕ್ಕಿನಿಂದ ಕಲ್ಲಿನ ಪದರ ಕೀಳುತ್ತದೆ. ಗಂಟಲಿನಲ್ಲಿ ಇನ್ನೊಂದು ಸಾಲು ಹಲ್ಲಿದೆ, ಅದೇ ಇದರ ಬೀಸುಕಲ್ಲು. ಬೀಸಿದ ಪುಡಿಯಲ್ಲಿರುವ ಪಾಚಿ, ಸೂಕ್ಷ್ಮಜೀವಿಗಳೇ ಊಟ. ಉಳಿದದ್ದು ಮರಳಾಗಿ ಹಿಂದಿನಿಂದ ಹೋಗುತ್ತದೆ. ಇಂಥ ಮೀನಿಗೆ ಎರಡು ಹೊತ್ತು ನಾಲ್ಕು ಪೆಲೆಟ್ ಎಲ್ಲಿ ಸಾಕಾಗುತ್ತದೆ?

ಇನ್ನೊಂದು ತೊಂದರೆ ನಿಮಗಿನ್ನೂ ಕಂಡಿಲ್ಲ. ಆ ಹಲ್ಲುಗಳು ಬೆಳೆಯುತ್ತಲೇ ಇರುತ್ತವೆ, ಕಲ್ಲಿಗೆ ಉಜ್ಜಿ ಸವೆಯಬೇಕು. ಬರೀ ಮೆತ್ತನೆಯದನ್ನು ತಿನ್ನಿಸಿದರೆ ಕೊಕ್ಕು ಉದ್ದವಾಗಿ ಬಾಯಿಯೇ ಮುಚ್ಚುವುದಿಲ್ಲ. ಅಂಥ ಒಂದು ಮೀನಿನ ಕೊಕ್ಕನ್ನು ನಾನೇ ಕತ್ತರಿಸಿದ್ದೇನೆ. ಇನ್ನೊಮ್ಮೆ ಆ ಕೆಲಸಕ್ಕೆ ಕೈ ಹಾಕುವ ಮನಸ್ಸಿಲ್ಲ.

ಈಗ ಏನು ಮಾಡಬಹುದು ಅಂದರೆ, ಪಾಚಿ ಕಟ್ಟಿದ ಒರಟು ಕಲ್ಲುಗಳನ್ನು ಹಾಕಿ. ಒಂದಷ್ಟು ಕಲ್ಲುಗಳು ಬೇರೆ ತೊಟ್ಟಿಯಲ್ಲಿ ಉಪ್ಪುನೀರಲ್ಲಿ, ಜೋರು ಬೆಳಕಲ್ಲಿ ಇರಲಿ. ಮೀನು ಕೆರೆದು ಬೋಳಾದ ಕಲ್ಲನ್ನು ತೆಗೆದು ಹಸಿರಾದದ್ದನ್ನು ಇಡಿ. ಸಮುದ್ರದ ಪಾಚಿ, ಸಿಗಡಿ ಅರೆದು ಜೆಲಟಿನ್ ಸೇರಿಸಿ ಕಲ್ಲಿಗೆ ಮೆತ್ತಿ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ. ಇದು ಇದ್ದ ಮರಿಯನ್ನು ಉಳಿಸಿಕೊಳ್ಳುವ ದಾರಿ, ಸಾಕುವ ದಾರಿ ಅಂದುಕೊಳ್ಳಬೇಡಿ. ಬೈಕಲರ್ ಹೆಸರಲ್ಲಿ ಮಾರುವುದು ಎರಡು ಜಾತಿ: ಕೆಂಪು ಸಮುದ್ರದ ಸೆಟೋಸ್ಕಾರಸ್ ಬೈಕಲರ್, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಸೆಟೋಸ್ಕಾರಸ್ ಓಸೆಲ್ಲೇಟಸ್. ಯಾವುದೇ ಆಗಲಿ, ಅರ್ಧ ಮೀಟರ್ ಬೆಳೆಯುವ ಮೀನು. ಮರಿ ಇರುವಾಗಲೇ ದೊಡ್ಡ ಸಾರ್ವಜನಿಕ ಅಕ್ವೇರಿಯಂ ಯಾವುದಾದರೂ ತೆಗೆದುಕೊಳ್ಳುತ್ತದಾ ಕೇಳಿ. ದೊಡ್ಡದಾದ ಮೇಲೆ ಕೇಳುವವರೇ ಇರುವುದಿಲ್ಲ. ಸಮುದ್ರಕ್ಕಂತೂ ಬಿಡಬೇಡಿ.

ಪ್ರಶ್ನೆ: ನನ್ನ ಬೈಕಲರ್ ಮರಿಯ ಬಿಳಿ ಬಣ್ಣ ಹೋಗುತ್ತಿದೆ. ಕಲರ್ ಬರುವ ಆಹಾರ ಕೊಡಲಾ?

ಉತ್ತರ: ಬೆಳೆಯುತ್ತಿದೆ, ಬಿಡಿ. ಮೊದಲು ಕಂದು ಮೈ, ಮಾಸಲು ಬೆನ್ನಿನ ಹೆಣ್ಣು. ಮುಂದೆ ಅದೇ ಗಂಡಾಗಿ ಹಸಿರು ಮೈಗೆ ಗುಲಾಬಿ ಚುಕ್ಕೆ ಬರಬಹುದು. ಯಾವ ಡಬ್ಬಿಯ ಆಹಾರವೂ ಆ ಬಿಳಿಯನ್ನು ಉಳಿಸುವುದಿಲ್ಲ.

ಪ್ರಶ್ನೆ: ಗಿಳಿಮೀನುಗಳೇ ಹವಳ ದಿಬ್ಬಗಳನ್ನು ತಿಂದು ಮುಗಿಸುತ್ತವಂತೆ?

ಉತ್ತರ: ಜೀವಂತ ಹವಳವನ್ನು ಜಾಸ್ತಿ ತಿನ್ನುವುದು ಹಣೆಯುಬ್ಬಿದ ದೊಡ್ಡ ಬಂಪ್‌ಹೆಡ್‌ನಂಥ ಕೆಲವೇ ಜಾತಿಗಳು. ಮಿಕ್ಕವು ಪಾಚಿ ಕೆರೆದು ಹೊಸ ಹವಳಕ್ಕೆ ಜಾಗ ಮಾಡಿಕೊಡುತ್ತವೆ.

ಪ್ರಶ್ನೆ: ನನ್ನ ಸಿಹಿನೀರಿನ ಕೆಂಪು ಪ್ಯಾರಟ್ ಮೊಟ್ಟೆ ಇಟ್ಟರೂ ಮರಿ ಆಗುವುದಿಲ್ಲ, ಯಾಕೆ?

ಉತ್ತರ: ಅದು ಗಿಳಿಮೀನೇ ಅಲ್ಲ. 1980ರ ದಶಕದಲ್ಲಿ ತೈವಾನಿನಲ್ಲಿ ಸಿಕ್ಲಿಡ್ ಎಂಬ ಬೇರೆಯೇ ಕುಟುಂಬದ ಮೀನುಗಳಿಂದ ಮಾಡಿದ ಮಿಶ್ರತಳಿ. ಗಂಡುಗಳು ಸಾಮಾನ್ಯವಾಗಿ ಬಂಜೆ. ಬಾಲ ಕತ್ತರಿಸಿ ಹೃದಯದ ಆಕಾರ ಮಾಡಿದ ಮೀನು ಕೊಂಡವರು ಮಾತ್ರ ದಯವಿಟ್ಟು ನನಗೆ ಬರೆಯಬೇಡಿ.